ಫ್ರೀಡಾ ಅವರ ತಾಯಿಯ ನೋಟ್‌ಬುಕ್ಕು

"ಅತ್ತೆ, ಇದಕ್ಕೂ ಕುಂಕುಮ ಇಟ್ರಾ?"

ದೇವರ ಮುಂದೆ ಜೋಡಿಸಿದ್ದ ಪುಸ್ತಕಗಳ ರಾಶಿಯಿಂದ ಸಂಯುಕ್ತಾ ಆ ಕಂದು ನೋಟ್‌ಬುಕ್ಕನ್ನು ಎಳೆದು ತೆಗೆದಳು. ರಟ್ಟಿನ ಮೇಲೆ ಅರಿಸಿನ, ಅದರ ನಡುವೆ ಕುಂಕುಮದ ಬೊಟ್ಟು. ಒರೆಸಹೋದರೆ ಇನ್ನಷ್ಟು ಹರಡಿತು.

"ಸರಸ್ವತಿ ಪೂಜೆ ಅಲ್ವೇನವ್ವ? ಮನೇಲಿರೋ ಪುಸ್ತಕಕ್ಕೆಲ್ಲ ಇಕ್ದೆ," ಎಂದರು ಮಂಡ್ಯದಿಂದ ಬಂದಿದ್ದ ಅತ್ತೆ ತಾಯಮ್ಮ. "ಇವತ್ತು ಅದುನ್ನ ಮುಟ್ಟಂಗಿಲ್ಲ, ಮಡುಗು."

"ಇದು ನಮ್ದಲ್ಲ ಅತ್ತೆ. ಹನ್ನೊಂದು ಗಂಟೆಗೆ ವಾಪಸ್ ಕೊಡ್ಬೇಕು!"

ಇಪ್ಪತ್ತು ವರ್ಷದ ಹಿಂದೆ ಗಂಡನ ಕೆಲಸದ ಬೆನ್ನಿಗೆ ಅಮೆರಿಕದ ಸಾಂಟಾ ಕ್ಲಾರಾಕ್ಕೆ ಬಂದವಳು, ಹೊತ್ತು ಹೋಗದೆ ಸಂಜೆ ತರಗತಿಯೊಂದಕ್ಕೆ ಸೇರಿ, ಪೂರ್ವ ಯುರೋಪಿನ ಯಹೂದಿಗಳ ಮನೆಮಾತಾದ ಯಿಡ್ಡಿಷ್‌ಗೆ ಮನಸೋತಿದ್ದಳು. ಆ ಭಾಷೆಯಲ್ಲಿ ಬರೆದ ಹೆಂಗಸರ ಮೇಲೆ ಪಿಎಚ್‌.ಡಿ. ಮಾಡಿ, ನಲವತ್ತೆಂಟರಲ್ಲಿ ತಾತ್ಕಾಲಿಕ ಉಪನ್ಯಾಸಕಿಯಾಗಿದ್ದಳು. ಕೆಲಸ ಕಾಯಂ ಆಗಲು ಒಂದು ಪುಸ್ತಕ ಬರೆಯಬೇಕು. ಅದಕ್ಕೆ ಫ್ರೀಡಾ ಎಂಬ ಎಂಬತ್ತೆಂಟರ ಮುದುಕಿಯ ತಾಯಿ ಬರೆದಿಟ್ಟ, ಎಲ್ಲೂ ಅಚ್ಚಾಗದ ಕಥೆಗಳು ಬೇಕು. ಹನ್ನೆರಡು ನೋಟ್‌ಬುಕ್ಕುಗಳಲ್ಲಿ ಒಂದನ್ನಷ್ಟೇ ಕೊಟ್ಟು ಫ್ರೀಡಾ ಹೇಳಿದ್ದರು: "ಇದನ್ನು ಹೇಗೆ ನೋಡಿಕೊಳ್ಳುತ್ತೀಯೋ ನೋಡೋಣ. ಆಮೇಲೆ ಮಿಕ್ಕಿದ್ದರ ಮಾತು."

"ನಾನೂ ಬತ್ತೀನಿ ನಡಿ." ತಾಯಮ್ಮ ಆಗಲೇ ಸ್ವೆಟರ್ ಹಾಕಿಕೊಂಡಿದ್ದರು. "ತೆಪ್ಪು ನಂದು. ಆವಮ್ಮ ಬಯ್ದ್ರೆ ನಂಗೇ ಬಯ್ಲಿ. ಹೆಂಗೂ ನಂಗ್ ತಿಳಿಯಾಕಿಲ್ವಲ್ಲ."

ಫ್ರೀವೇ ಉದ್ದಕ್ಕೂ ಸಂಯುಕ್ತಾ ಕ್ಷಮೆಯ ಮಾತನ್ನು ಮನಸ್ಸಿನಲ್ಲೇ ಯಿಡ್ಡಿಷ್‌ನಲ್ಲಿ ತಿದ್ದಿದಳು. ಪಕ್ಕದಲ್ಲಿ ತಾಯಮ್ಮ, ಬರಿಗೈಲಿ ಹೋಗಬಾರದೆಂದು, ಸಜ್ಜಿಗೆಯ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು.

ಸ್ಯಾನ್ ಫ್ರಾನ್ಸಿಸ್ಕೋದ ಮೂರನೇ ಮಹಡಿಯ ಅಪಾರ್ಟ್‌ಮೆಂಟಿನಲ್ಲಿ ಫ್ರೀಡಾ ನೋಟ್‌ಬುಕ್ಕನ್ನು ಕಿಟಕಿಯ ಬೆಳಕಿಗೆ ಹಿಡಿದರು.

"ಏನಿದು?"

ಸಂಯುಕ್ತಾ ಸಿದ್ಧಮಾಡಿಕೊಂಡಿದ್ದನ್ನೆಲ್ಲ ಮರೆತಳು. ವರ್ಷಕ್ಕೊಮ್ಮೆ ಪುಸ್ತಕಗಳನ್ನು ದೇವರ ಮುಂದಿಟ್ಟು ಪೂಜಿಸುವುದನ್ನು, ಯಾವುದು ಯಾರದೆಂದು ಅತ್ತೆಗೆ ಗೊತ್ತಾಗದೆ ಹೋದದ್ದನ್ನು ಒಂದೇ ಉಸಿರಿನಲ್ಲಿ ಒದರಿದಳು.

ಫ್ರೀಡಾ ರಟ್ಟು ತೆರೆದು, ಹರಿದುಹೋದ ಹಾಳೆಗಳ ಅಂಚನ್ನು ಬೆರಳಿನಿಂದ ಸವರಿದರು.

"ನಮ್ಮಪ್ಪ ಇದರ ಹಾಳೆ ಹರಿದು ಒಲೆ ಹಚ್ಚುತ್ತಿದ್ದ," ಎಂದರು. "ಅದಿರಲಿ, ಪೂಜೆಯಲ್ಲಿ ನಮ್ಮಮ್ಮನ ಜೊತೆಗೆ ಇನ್ನು ಯಾರ‍್ಯಾರಿದ್ದರು?"

"ಮೇಲೆ ಪಂಚಾಂಗ," ಸಂಯುಕ್ತಾ ತಲೆ ತಗ್ಗಿಸಿದಳು. "ಕೆಳಗೆ ನಮ್ಮೆಜಮಾನರ ಟ್ಯಾಕ್ಸ್ ಫೈಲು."

ಫ್ರೀಡಾ ಕುರ್ಚಿಯ ಬೆನ್ನು ಹಿಡಿದುಕೊಂಡು ನಕ್ಕರು. "ಅಮ್ಮನಿಗೆ ಸಿಕ್ಕ ಮೊದಲ ವಿಮರ್ಶೆ ಇದು. ಒರೆಸಬೇಡ!"

"ಏನಂತವ್ರೆ?" ತಾಯಮ್ಮ ಪಿಸುಗುಟ್ಟಿದರು.

"ಬಯ್ತಿಲ್ಲ ಅತ್ತೆ."

"ಹಂಗಾರೆ ಸಜ್ಜಿಗೆ ಕೊಡು, ಆರೋಯ್ತದೆ."

ಎರಡು ಚಮಚ ತಿಂದ ಮೇಲೆ ಫ್ರೀಡಾ ಒಳಕೋಣೆಯತ್ತ ಕೈ ತೋರಿಸಿದರು. "ಮಂಚದ ಕೆಳಗೆ ಪೆಟ್ಟಿಗೆ ಇದೆ. ಮಿಕ್ಕ ಹನ್ನೊಂದೂ ಅದರಲ್ಲೇ ಇವೆ. ನೀನೇ ಎಳೆದುಕೋ, ನನ್ನ ಸೊಂಟ ಬಗ್ಗುವುದಿಲ್ಲ."

ಸಂಯುಕ್ತಾ ಮಂಡಿಯೂರಿ ಪೆಟ್ಟಿಗೆಗೆ ಕೈ ಚಾಚಿದಾಗ ಹೊರಗಿನಿಂದ ಫ್ರೀಡಾ ಕಥೆಯೊಂದನ್ನು ಜೋರಾಗಿ ಓದುವುದು ಕೇಳಿಸಿತು. ಪ್ರತಿ ಸಾಲಿನ ಕೊನೆಗೂ ತಾಯಮ್ಮ, ಒಂದಕ್ಷರ ತಿಳಿಯದಿದ್ದರೂ, ಊರಲ್ಲಿ ಕಥೆ ಕೇಳುವಾಗಿನಂತೆ "ಹ್ಞೂಂ" ಅನ್ನುತ್ತಿದ್ದರು. ಅವಳು ಬಾಗಿಲಿಗೆ ಬಂದು ಇಣುಕಿದಳು. ತಾಯಮ್ಮ ಟೀ ಗುಟುಕರಿಸುತ್ತ ಒಮ್ಮೆ ಹ್ಞೂಂಗುಟ್ಟುವುದನ್ನು ಮರೆತರು. ಫ್ರೀಡಾ ಓದುವುದನ್ನು ನಿಲ್ಲಿಸಿ, ಸಾಲಿನ ಮೇಲೆ ಬೆರಳಿಟ್ಟುಕೊಂಡು ಕಾಯುತ್ತಿದ್ದರು.