ತೆಂಗಿನಕಾಯಿ ಅರೆದ ಸಾಂಬಾರು

ಮುಂಬಯಿಯ ಕಾಂದಿವಲಿಯಲ್ಲಿ ಮೂವತ್ತೊಂದು ವರ್ಷ ಹೋಟೆಲು ನಡೆಸಿದವನು ನಾನು. ನನಗೆ ಅಡುಗೆಯ ವಿಷಯ ಹೇಳಿಕೊಡಲು ಬಂದವರನ್ನು ಕಂಡರೆ ಮೈ ಉರಿಯುತ್ತದೆ. ಪೂವಪ್ಪಣ್ಣನ ಮೂಗಿನ ತುದಿಯಲ್ಲೇ ಸಿಟ್ಟು ಎಂದು ಈ ಗಲ್ಲಿಗೆಲ್ಲ ಗೊತ್ತು. ರುಕ್ಮಿಣಿಬಾಯಿಗೆ ಮಾತ್ರ ಗೊತ್ತಿರಲಿಲ್ಲ.

ಅದು ಎರಡು ಸಾವಿರದ ಇಪ್ಪತ್ತನೇ ಇಸವಿಯ ಮೇ ತಿಂಗಳು. ಲಾಕ್‌ಡೌನ್ ಶುರುವಾಗಿ ಐವತ್ತು ದಿನ ಆಗಿತ್ತು. ಹೋಟೆಲಿನ ಶಟರನ್ನು ಅರ್ಧಕ್ಕೆ ಎಳೆದು, ಒಳಗೆ ದಿನಕ್ಕೆ ನಾನೂರು ಊಟ ತಯಾರಿಸಿ, ಕೆಲಸ ಇಲ್ಲದೆ ಕೂತಿದ್ದ ಕಟ್ಟಡ ಕೂಲಿಗಳ ಜೋಪಡಿಗಳಿಗೆ ಕಳಿಸುತ್ತಿದ್ದೆವು. ಅವರಲ್ಲಿ ಯಾದಗಿರಿ ಕಡೆಯವರೇ ಹೆಚ್ಚು. ಊರು ಸೇರಿದರೆ ಸಾಕು ಎಂದು ಕೆಲವರು ನಡೆದೇ ಹೊರಟಿದ್ದರು. ಕೊನೆಗೆ ನಮ್ಮ ಕನ್ನಡ ಸಂಘದವರು ಓಡಾಡಿ ನಲವತ್ತೆಂಟು ಜನರಿಗೆ ಒಂದು ಬಸ್ಸು ಗೊತ್ತುಮಾಡಿದರು. ದಾರಿಯ ಊಟ ನನ್ನದು ಎಂದು ನಾನೇ ಎದೆ ತಟ್ಟಿ ಹೇಳಿದೆ.

ಹೊರಡುವ ಹಿಂದಿನ ದಿನ ಬೆಳಿಗ್ಗೆ, ಆ ನಲವತ್ತೆಂಟು ಜನರಲ್ಲಿ ಒಬ್ಬಳಾದ ರುಕ್ಮಿಣಿಬಾಯಿ ಶಟರಿನ ಹೊರಗೆ ಬಂದು ನಿಂತಳು. ಸೆರಗನ್ನು ಮೂಗಿನ ಮೇಲೆ ಎಳೆದುಕೊಂಡಿದ್ದಳು. ಬಗಲಲ್ಲಿ ಒಂದು ಸ್ಟೀಲಿನ ಡಬ್ಬಿ. ಹಿಂದೆ ಫುಟ್‌ಪಾತಿನಲ್ಲಿ ಅವಳ ಸೊಸೆ ಸೋನಾಲಿ ಕೂಸನ್ನು ಮಡಿಲಲ್ಲಿ ಹಾಕಿಕೊಂಡು ಕೂತಿದ್ದಳು.

"ಶೇಟ್ರ, ಜ್ವಾಳದ ಹಿಟ್ಟು ನಮ್ಮ ಬಲ್ಲಿ ಅದರಿ. ಗ್ಯಾಸ್ ಮುಗದಾದ. ನಿಮ್ಮ ಒಲಿ ಎರಡು ತಾಸು ಕೊಟ್ರ ಸಾಕ್ರಿ. ರೊಟ್ಟಿ ಬಡದು, ಕಡಕ್ ಮಾಡಿ ಬುತ್ತಿ ಕಟ್ಕೊಂತೀವಿ."

"ದಾರಿಗೆ ಊಟ ನಾನು ಕೊಡ್ತೇನಲ್ಲ ಅಕ್ಕ. ಮತ್ತೆ ರೊಟ್ಟಿ ಯಾಕೆ?"

"ಕೊಡ್ರಿ, ಬ್ಯಾಡ ಅನ್ನಂಗಿಲ್ಲ. ಆದ್ರ ಇಕಿ ಬಾಣಂತಿ ಅದಾಳ್ರಿ. ಕೂಸಿಗಿ ಹದಿನೆಂಟು ದಿನ. ಇಕಿ ಹೊಟ್ಟಿಗಿ ಬಿದ್ರ ಅದಕ್ಕ ಹಾಲು. ದಾರ್ಯಾಗ ಎಷ್ಟೊತ್ತು ಆಗ್ತದೋ ಏನೋ. ಅನ್ನ ಮರುದಿನಕ್ಕ ಇರಂಗಿಲ್ರಿ, ರೊಟ್ಟಿ ಆದ್ರ ಇರ್ತದ."

ನನ್ನ ಅನ್ನ ಇರುವುದಿಲ್ಲವಂತೆ! ನಾನು ಕೈಯಲ್ಲಿದ್ದ ಸೌಟನ್ನು ಅಲ್ಲೇ ಬಡಿದೆ.

"ಹೋಟೆಲಿನ ಅಡುಗೆಮನೆಗೆ ಭಟ್ಟರನ್ನು ಬಿಟ್ಟು ಯಾರನ್ನೂ ಬಿಡುವ ಕ್ರಮ ಇಲ್ಲ. ಅದರ ಮೇಲೆ ಈ ರೋಗ ಬೇರೆ. ಆಗುದಿಲ್ಲ ಅಂದ್ರೆ ಆಗುದಿಲ್ಲ."

"ಆತು ಬಿಡ್ರಿ," ಎಂದು ಅವಳು ಡಬ್ಬಿಯನ್ನು ಬಗಲಿಗೆ ಒತ್ತಿಕೊಂಡು ಸೊಸೆಯನ್ನು ಎಬ್ಬಿಸಿದಳು. ವಾದ ಮಾಡಲಿಲ್ಲ. ಒಳಗಿನ ಆರು ಒಲೆಗಳಲ್ಲಿ ಮೂರು ಖಾಲಿ ಇದ್ದವು. ಒಂದನ್ನು ಹಿಂಬಾಗಿಲಿಗೆ ಎತ್ತಿಡಲು ಐದು ನಿಮಿಷ ಸಾಕಿತ್ತು. ಕ್ರಮ, ರೋಗ ಎಲ್ಲ ಬರೀ ನೆಪ. ನನಗೆ ಸಿಟ್ಟು ಬಂದಿತ್ತು, ಅಷ್ಟೇ.

ಆ ಸಿಟ್ಟಿನಲ್ಲೇ ಮರುದಿನ ಅಡುಗೆ ಮಾಡಿಸಿದೆ. ಇವರು ಜನ್ಮದಲ್ಲಿ ಉಂಡಿರಬಾರದು, ಹಾಗೆ ಆಗಬೇಕು ಎಂದು ಭಟ್ಟರ ಬೆನ್ನು ಬಿದ್ದೆ. ಮೂವತ್ತು ತೆಂಗಿನಕಾಯಿ ತುರಿದು, ಮಸಾಲೆ ಹುರಿದು, ನುಣ್ಣಗೆ ಅರೆದು, ನಮ್ಮ ಉಡುಪಿ ಕಡೆಯ ಮದುವೆ ಮನೆಯ ಸಾಂಬಾರು ಮಾಡಿಸಿದೆ. ತಲೆಗೆ ಮೂರು ಹೊತ್ತಿನ ಮೂರು ಡಬ್ಬಿ. ಮೇ ತಿಂಗಳ ಸೆಕೆಯಲ್ಲಿ ಕಾಯಿ ಅರೆದ ಪದಾರ್ಥ ಎಷ್ಟು ಹೊತ್ತು ನಿಲ್ಲುತ್ತದೆ ಎಂದು ನಮ್ಮೂರಿನ ಚಿಕ್ಕ ಮಕ್ಕಳನ್ನು ಕೇಳಿದರೂ ಹೇಳುತ್ತಾರೆ. ಆದರೆ ಹೋಟೆಲಿನವನ ತಲೆ ಬೇರೆ. ಮಾಡು, ಬಡಿಸು, ತೊಳೆ. ನಾಳೆಗೆ ಉಳಿಯುವ ಅಡುಗೆ ನಮಗೆ ಅವಮಾನ. ಆದ್ದರಿಂದಲೇ ಇರಬೇಕು, ನಾಳೆ ಉಣ್ಣುವವರ ಊಟ ಹೇಗಿರಬೇಕು ಎಂದು ನಾನು ಮೂವತ್ತೊಂದು ವರ್ಷದಲ್ಲಿ ಒಮ್ಮೆಯೂ ಯೋಚಿಸಿರಲಿಲ್ಲ.

ಅನ್ನ ಆರುವುದಕ್ಕೂ ಬಿಡಲಿಲ್ಲ. ನೆರವು ಕೊಟ್ಟವರ ಗ್ರೂಪಿಗೆ ಫೋಟೋ ಹೋಗಬೇಕಿತ್ತು. ಮಗಳು ಶ್ರಾವ್ಯಾ ಮೊಬೈಲ್ ಹಿಡಿದು ನಿಂತಿದ್ದಳು. "ಪಪ್ಪಾ, ಜಲ್ದಿ ಢಕ್ಕನ್ ಹಾಕಿ ನಾ, ಸ್ಟೀಮ್‌ನಿಂದ ಕುಛ್ ಕಾಣೋದಿಲ್ಲ." ಹಬೆಯಾಡುವ ಡಬ್ಬಿಗಳಿಗೆ ಟಪಟಪ ಮುಚ್ಚಳ ಬಿತ್ತು. ಫೋಟೋ ಚೆನ್ನಾಗಿ ಬಂತು.

ಹತ್ತಕ್ಕೆ ಹೊರಡಬೇಕಿದ್ದ ಬಸ್ಸು, ಪರವಾನಗಿ ಕಾಗದಕ್ಕೆ ಯಾರದೋ ಸಹಿ ಬರಬೇಕೆಂದು ಸಂಜೆ ಐದರವರೆಗೆ ಬಿಸಿಲಲ್ಲೇ ನಿಂತಿತು. ಡಬ್ಬಿಗಳೆಲ್ಲ ಅದರೊಳಗೆ ಬೇಯುತ್ತಿದ್ದವು. ನಾನೂ ಅಲ್ಲೇ ಇದ್ದೆ. ಡಬ್ಬಿಗಳು ದಾರಿಗೇ ಇರಲಿ ಎಂದು ನೀರು, ಬಿಸ್ಕತ್ತು ಹಂಚಿದೆ, ಸಂಘದವರ ಮೇಲೆ ಕೂಗಾಡಿದೆ. ಸಾಂಬಾರಿನ ನೆನಪೇ ಬರಲಿಲ್ಲ. ಬಸ್ಸು ಅಲುಗಾಡಿದಾಗ ಕಿಟಕಿಯ ಬಳಿ ಹೋಗಿ ಸೋನಾಲಿಗೆ, "ಹೊಟ್ಟೆ ತುಂಬ ಉಣ್ಣು ಮಗಾ, ನಾಚಿಕೆ ಮಾಡ್ಬೇಡ" ಎಂದೆ. ಅವಳು ತಲೆಯಾಡಿಸಿದಳು.

ಮರುದಿನ ಬೆಳಿಗ್ಗೆ ಒಂಬತ್ತಕ್ಕೆ ಅವಳ ಗಂಡ ದೇವಾನಂದನಿಗೆ ನಾನೇ ಫೋನ್ ಮಾಡಿದೆ. ಸುಳ್ಳು ಯಾಕೆ ಹೇಳಲಿ, ಸಾಂಬಾರು ಹೇಗಿತ್ತು ಎಂದು ಕೇಳುವ ಆಸೆ.

"ಗಡಿ ಚೆಕ್‌ಪೋಸ್ಟ್‌ನ್ಯಾಗ ನಿಲ್ಲಿಸ್ಯಾರ್ರಿ, ನಸುಕಿನಿಂದ," ಎಂದ ದೇವಾನಂದ. "ಊಟ ಹಳಸ್ಯಾದ್ರಿ ಶೇಟ್ರ. ರಾತ್ರಿ ಡಬ್ಬಿ ತಗದ್ರ ವಾಸನಿ. ಎಲ್ಲಾರೂ ಚೆಲ್ಲಿದ್ರು. ಇಕಿ ಒಬ್ಬಾಕಿ ಉಂಡಳು. ಬ್ಯಾಡ ಅಂದ್ರ ಕೇಳಲಿಲ್ಲ. ಕೂಸು ಅಳ್ಳಿಕತ್ತಿತ್ತು, ಹಾಲು ಬರಬೇಕಲ್ಲ ಅಂತ ಮೂಗು ಮುಚ್ಕೊಂಡು ಉಂಡಳು. ಈಗ ವಾಂತಿ ನಿಂದ್ರವಲ್ದು."

"ಅಲ್ಲಿ ಹೋಟೆಲು, ಅಂಗಡಿ ಏನಾದ್ರೂ..."

"ಎಲ್ಲಾ ಬಂದ್ ಅವರಿ."

ಗುರುತಿನವರಿಗೆ, ಗುರುತಿಲ್ಲದವರಿಗೆ, ಸಿಕ್ಕ ಸಿಕ್ಕ ನಂಬರಿಗೆಲ್ಲ ಫೋನ್ ಮಾಡಿದೆ. ಬೈದೆ, ಅಂಗಲಾಚಿದೆ. ಮಧ್ಯಾಹ್ನ ಯಾರೋ ಪುಣ್ಯಾತ್ಮರು ಒಬ್ಬ ಡಾಕ್ಟರನ್ನು ಚೆಕ್‌ಪೋಸ್ಟಿಗೆ ಕರೆದುಕೊಂಡು ಹೋದರು. ಬಸ್ಸಿನ ನೆರಳಿನಲ್ಲಿ ಚಾಪೆ ಹಾಸಿ, ಕಿಟಕಿಯ ಸರಳಿಗೆ ಬಾಟಲಿ ಕಟ್ಟಿ ಸೋನಾಲಿಗೆ ಸಲೈನ್ ಕೊಟ್ಟರಂತೆ. ಅವಳು ಉಳಿದಳು. ಎದೆಹಾಲು ಉಳಿಯಲಿಲ್ಲ. ಊರಿನ ಶಾಲೆಯಲ್ಲಿ ಇವರನ್ನು ಕ್ವಾರಂಟೈನ್ ಮಾಡಿ ಇಟ್ಟಾಗ ಕೂಸಿಗೆ ಪುಡಿ ಹಾಲು ಹಾಕಿದರು. ಅದು ಒಗ್ಗದೆ ಭೇದಿ ಶುರುವಾಗಿ, ಕೂಸನ್ನು ತಾಲ್ಲೂಕು ಆಸ್ಪತ್ರೆಗೆ ಸೇರಿಸಿದರು.

ಕೂಸು ಆಸ್ಪತ್ರೆ ಸೇರಿದ ಮೇಲೆ ಮೂರು ದಿನ ನಾನು ಅಡುಗೆಮನೆಯೊಳಗೆ ಕಾಲಿಡಲಿಲ್ಲ. ಏನು ಹೇಳಬೇಕು ಎಂದು ಮನಸ್ಸಿನಲ್ಲೇ ಜೋಡಿಸಿಕೊಂಡೆ. ಅಕ್ಕ, ನನ್ನದು ತಪ್ಪಾಯ್ತು, ಒಲೆ ಕೊಡಬೇಕಿತ್ತು, ಕಾಲು ಹಿಡಿಯುತ್ತೇನೆ. ಇಷ್ಟನ್ನು ಹತ್ತು ಸಲ ಬಾಯಿಪಾಠ ಮಾಡಿದೆ. ನಂಬರು ಒತ್ತಲು ಮಾತ್ರ ಧೈರ್ಯ ಬರಲಿಲ್ಲ.

ನಾಲ್ಕನೇ ದಿನ ಬೆಳಿಗ್ಗೆ ರುಕ್ಮಿಣಿಬಾಯಿಯೇ ಫೋನ್ ಮಾಡಿದಳು. ಕೂಸು ಕಣ್ಣು ಬಿಟ್ಟಿದೆ, ಇನ್ನೂ ಆಸ್ಪತ್ರೆಯಲ್ಲೇ ಇದೆ ಎಂದಳು. ನಾನು ಬಾಯಿ ತೆರೆಯುವ ಮೊದಲೇ ಮಾತು ಮುಂದುವರಿಸಿದಳು.

"ಶೇಟ್ರ, ಒಂದು ಮಾತು ಹೇಳೋದಿತ್ತು. ನೀವು ಅಷ್ಟು ಕಷ್ಟಪಟ್ಟು ಮಾಡಿ ಕೊಟ್ಟ ಅನ್ನ, ನಾವು ರಸ್ತಾದ ಮ್ಯಾಲ ಚೆಲ್ಲಿದ್ವಿ. ಯಾರ ಕೊಟ್ಟ ಅನ್ನಾನೂ ನಾವು ಹಂಗ ಚೆಲ್ಲಿದವರಲ್ರಿ. ನಿಮ್ಮ ಮನಸಿಗಿ ಬ್ಯಾಸರ ಆಗಿರಬೇಕು. ತಪ್ಪು ತಿಳ್ಕೋಬ್ಯಾಡ್ರಿ."

ಬಾಯಿಪಾಠ ಮಾಡಿದ ಒಂದಕ್ಷರವೂ ನೆನಪಾಗಲಿಲ್ಲ. ಗಿರಾಕಿಯ ಕೈಯಿಂದ ಲೋಟ ಜಾರಿ ಬಿದ್ದಾಗ ಹಣ ಎಣಿಸುವ ಗಲ್ಲೆಯ ಮೇಲೆ ಕೂತು ದಿನಾ ಹೇಳುವ ಮಾತೇ ಬಾಯಿಗೆ ಬಂತು.

"ಪರವಾಗಿಲ್ಲ ಅಕ್ಕ. ಇರ್ಲಿ ಬಿಡಿ."

"ನಿಮ್ಮಂಥೋರು ಸಿಗಂಗಿಲ್ರಿ," ಎಂದು ಅವಳು ಫೋನ್ ಇಟ್ಟಳು. ನಾನು ಅವಳನ್ನು ಕ್ಷಮಿಸಿಬಿಟ್ಟಿದ್ದೆ.