ಮೇಣದಂಗಡಿಯ ಬೋಣಿ

ಪ್ಲೇಗು ಬಂದು ಹೋದ ಮರುವರ್ಷ ನಗರ್ತಪೇಟೆಯ ಅಣ್ಣಮ್ಮ ಗಂಡನ ಅಂಗಡಿಯ ಬಾಗಿಲನ್ನು ತಾನೇ ತೆರೆದಳು. ಗಂಡ ಮುನಿಶಾಮಪ್ಪ ಅದೇ ಪ್ಲೇಗಿನಲ್ಲಿ ತೀರಿಕೊಂಡಿದ್ದ. ಮೇಣದಬತ್ತಿ ಮಾಡುವವರಿಗೆ ಬೇಕಾದ ಸಾಮಾನು ಮಾರಬೇಕೆಂದು ಮದರಾಸಿನಿಂದ ಮೇಣದ ಗಟ್ಟಿ, ಬತ್ತಿಯ ನೂಲು, ತಗಡಿನ ಅಚ್ಚು ಎಲ್ಲ ತರಿಸಿಟ್ಟು, ಒಂದು ದಿನವೂ ವ್ಯಾಪಾರ ಮಾಡದೆ ಹೋದ. ಮಕ್ಕಳಿರಲಿಲ್ಲ. ಮೈದುನ ಅಶ್ವತ್ಥಪ್ಪ, "ಯುಗಾದಿವರೆಗೂ ನೋಡಿ ಅತ್ಗೆ. ನಡೀಲಿಲ್ಲ ಅಂದ್ರೆ ಬೀಗ ಹಾಕಿ ನಮ್ಮನೆಗೆ ಬಂದ್ಬಿಡಿ. ಒಲೆ ಮುಂದೆ ಒಬ್ರು ಬೇಕೇ ಬೇಕು," ಎಂದಿದ್ದ. ಆ ಒಲೆಯ ಮುಂದೆ ಕೂತರೆ ಮತ್ತೆ ಏಳುವುದು ಚಟ್ಟದ ಮೇಲೆಯೇ ಎಂದು ಅಣ್ಣಮ್ಮನಿಗೆ ಗೊತ್ತಿತ್ತು.

ಅಂಗಡಿ ನಡೆಯಲಿಲ್ಲ. ಸಾಮಾನು ಚೆನ್ನಾಗಿತ್ತು, ತೂಕದಲ್ಲಿ ಮೋಸವಿರಲಿಲ್ಲ. ತೊಂದರೆಯಿದ್ದದ್ದು ಬೋಣಿಯಲ್ಲಿ. ದಿನದ ಮೊದಲ ವ್ಯಾಪಾರ ವಿಧವೆಯ ಕೈಯಿಂದ ಆದರೆ ಕೊಂಡವನ ಕೆಲಸ ಕೆಡುತ್ತದೆಂದು ಪೇಟೆಯ ನಂಬಿಕೆ. ಎರಡನೆಯವನಿಗೆ ದೋಷವಿಲ್ಲವಂತೆ. ಈ ಶಾಸ್ತ್ರ ಯಾರು ಬರೆದರೋ, ಎರಡನೆಯವನೇ ಬರೆದಿರಬೇಕು.

ಬಳೇಪೇಟೆಯಲ್ಲಿ ಮನೆಯಲ್ಲೇ ಬತ್ತಿ ಎರೆಯುತ್ತಿದ್ದ ನಂಜಪ್ಪ ಬೆಳಿಗ್ಗೆ ಬಂದು ಎದುರು ಜಗಲಿಯಲ್ಲಿ ಕೂರುತ್ತಿದ್ದ. "ಬೋಣಿ ಆಯ್ತಾ ಅಣ್ಣಮ್ಮೋರೆ?" ಎಂದು ಕೇಳುತ್ತಿದ್ದ. ಇಲ್ಲವೆಂದರೆ, "ಆಗ್ಲಿ ಬಿಡಿ, ಆಮೇಲೆ ಬರ್ತೀನಿ," ಎಂದು ಎದ್ದು ಹೋಗುತ್ತಿದ್ದ. ಎಲ್ಲರೂ ಹಾಗೆಯೇ. ನಮ್ಮ ಪೇಟೆಯವರು ಕೆಟ್ಟವರಲ್ಲ, ಒಳ್ಳೆಯ ಕೆಲಸವನ್ನು ಬೇರೆಯವರು ಮೊದಲು ಮಾಡಲಿ ಎನ್ನುವವರು, ಅಷ್ಟೆ. ಬೆಕ್ಕಿಗೆ ಗಂಟೆ ಕಟ್ಟುವವರು ಯಾರು?

ಬೋಣಿ ಆಯಿತೆಂದು ಒಂದು ಸುಳ್ಳು ಹೇಳಿದ್ದರೆ ಸಾಕಿತ್ತು. ಅಣ್ಣಮ್ಮ ಹೇಳಲಿಲ್ಲ. ನಾಳೆ ನಂಜಪ್ಪನ ಮನೆಯಲ್ಲಿ ಯಾರಿಗಾದರೂ ನೆಗಡಿಯಾದರೂ ತನ್ನಿಂದಲೇ ಆಯಿತೆಂದು ಅವಳೂ ನಂಬುತ್ತಿದ್ದಳು. ಅವಳೂ ಅದೇ ಪೇಟೆಯವಳೇ ತಾನೆ. ಹೀಗೆ ಬೆಳಗಿನಿಂದ ಸಂಜೆಯವರೆಗೆ ಮಾತಿಗೆ ಜನವಿಲ್ಲದೆ ಕೂತು, ದನಿ ಇದೆಯೋ ಹೋಯಿತೋ ನೋಡಲು ಆಗಾಗ ಸುಮ್ಮನೆ ಕೆಮ್ಮುತ್ತಿದ್ದಳು.

ಮಾಘ ಮಾಸದಲ್ಲಿ, ಊರಾಚೆ ಬಿಳಿಯರ ಸೈನ್ಯವಿದ್ದ ದಂಡಿನ ಕಡೆಯಿಂದ ದೊರೆಸ್ವಾಮಿ ಬಂದ. ಅಲ್ಲಿನ ಚರ್ಚಿಗೆ ಬತ್ತಿ ಮಾಡಿಕೊಡುವವನು, ಹೆಂಡತಿಯನ್ನು ಕಳೆದುಕೊಂಡವನು, ಮುಖ ಗಂಟಿಕ್ಕಿಕೊಂಡೇ ಹುಟ್ಟಿದವನು.

"ಒಂದು ಹಿಡಿ ನೂಲು ಕೊಡಿ."

"ಇನ್ನೂ ಬೋಣಿ ಆಗಿಲ್ಲ," ಎಂದು ಅಣ್ಣಮ್ಮ ಮೊದಲೇ ಹೇಳಿಬಿಟ್ಟಳು.

"ನಾನು ಬೋಣಿ ಕೇಳಲಿಲ್ಲಮ್ಮ, ನೂಲು ಕೇಳ್ದೆ."

ಅವನು ನೂಲು ಹಿಡಿದು ಬೀದಿಯ ತಿರುವು ದಾಟಿರಲಿಲ್ಲ, ನಂಜಪ್ಪ ಜಗಲಿಯಿಂದ ಇಳಿದು ಬಂದ. ಅವನ ಹಿಂದೆ ಉಳಿದವರು ಬಂದರು. ಅಂದು ತಕ್ಕಡಿಗೆ ಬಿಡುವಿರಲಿಲ್ಲ.

ದೊರೆಸ್ವಾಮಿ ದಿನಾ ಬಂದ. ದಿನಾ ಒಂದೇ ಹಿಡಿ ನೂಲು, ಜೊತೆಗೆ ಒಂದು ದೂರು. ನೂಲಿನ ಹುರಿ ಸಡಿಲ, ಮೇಣ ಹಳದಿ, ನಿಮ್ಮ ಬೀದಿ ತುಂಬ ಧೂಳು. "ಕುಣೀಲಾರ್ದವಳು ನೆಲ ಡೊಂಕು ಅಂದ್ಳಂತೆ," ಎಂದು ಅಣ್ಣಮ್ಮನೂ ಬಿಡುತ್ತಿರಲಿಲ್ಲ. ಒಂದು ದಿನ ಕೇಳಿದಳು: "ಒಂದು ಕಟ್ಟೇ ತಗೊಂಡ್ಹೋಗಬಾರ್ದಾ? ದಿನಾ ಅಷ್ಟು ದೂರ ನಡೀತೀರಿ."

"ಮನೇಲಿಟ್ರೆ ಇಲಿ ಕಡಿಯುತ್ತೆ."

ಪ್ಲೇಗಿನಲ್ಲಿ ಮನುಷ್ಯರಿಗಿಂತ ಮೊದಲು ಸತ್ತದ್ದು ಇಲಿಗಳು. ಊರಲ್ಲಿ ಇಲಿ ಎಲ್ಲಿ ಉಳಿದಿತ್ತು? ಅಣ್ಣಮ್ಮ ಅದನ್ನು ಕೇಳಲಿಲ್ಲ. ಮರುದಿನದಿಂದ ಬಾಗಿಲನ್ನು ಇನ್ನಷ್ಟು ಬೇಗ ತೆರೆದಳು.

ಯುಗಾದಿ ಬಂತು, ಹೋಯಿತು. ಅಶ್ವತ್ಥಪ್ಪ ಒಲೆಯ ಮಾತೆತ್ತಲಿಲ್ಲ. ಮದರಾಸಿನಿಂದ ಹೊಸ ಮಾಲು ಬಂತು.

ಆಷಾಢದ ಒಂದು ಬೆಳಿಗ್ಗೆ ದೊರೆಸ್ವಾಮಿ ಯಾವ ದೂರನ್ನೂ ಹೇಳಲಿಲ್ಲ.

"ಒಂದು ಕಟ್ಟು ಕೊಡಿ," ಎಂದ.

ಅಂಗಡಿ ಇಟ್ಟವರು ಹಿಗ್ಗಬೇಕಾದ ಮಾತು. ಅಣ್ಣಮ್ಮ ಕೈಯಲ್ಲಿದ್ದ ತಕ್ಕಡಿಯನ್ನು ಕೆಳಗಿಟ್ಟಳು.

"ಎಲ್ಲಿಗೆ?"

"ಕೋಲಾರದ ಗಣಿ ಹತ್ರ. ನೆಲದೊಳಗೆ ಇಳಿಯೋರಿಗೆ ಬತ್ತಿ ಬೇಕಂತೆ. ಇನ್ಮೇಲೆ ಅಲ್ಲೇ ಇರ್ಬೇಕು."

ಅವಳು ಕಟ್ಟಿಗೆ ದಾರ ಬಿಗಿದಳು, ಬಿಚ್ಚಿದಳು, ಮತ್ತೆ ಬಿಗಿದಳು. ಹೋಗಬೇಡಿ ಎನ್ನಲು ಅವಳು ಯಾರು? "ಹುಷಾರಾಗಿ ಹೋಗ್ಬನ್ನಿ," ಎಂದಳು. "ಬರ್ತೀನಿ," ಎಂದ ಅವನು. ಊರು ಬಿಟ್ಟೇ ಹೋಗುವವರೂ ನಮ್ಮಲ್ಲಿ ಹಾಗೆಯೇ ಹೇಳುತ್ತಾರೆ.

ಮರುದಿನ ಬಾಗಿಲು ತೆರೆಯುವ ಹೊತ್ತಿಗೇ ನಂಜಪ್ಪ ಬಂದು ನಿಂತಿದ್ದ. ಇಷ್ಟು ತಿಂಗಳಲ್ಲಿ ಈ ಅಂಗಡಿಯ ಮೇಣದಿಂದ ಅವನ ವ್ಯಾಪಾರ ಕುದುರಿತ್ತು, ಭಯ ಬಿಟ್ಟಿತ್ತು.

"ಇವತ್ತು ಬೋಣಿ ನಂದೇ ಅಣ್ಣಮ್ಮೋರೆ. ನಿಮ್ಮ ಕೈಗುಣ ಒಳ್ಳೇದು ಅಂತ ನಮ್ಮನೇಲಿ ಎಲ್ಲಾರೂ ಹೇಳ್ತಾರೆ."

ಈ ಮಾತಿಗಾಗಿ ಅವಳು ಎಷ್ಟು ಬೆಳಗುಗಳನ್ನು ಕಾದಿದ್ದಳು. ಈಗ ಬಂದಾಗ ಬೇಡವಾಗಿತ್ತು. ಇಷ್ಟು ದಿನ ಬೋಣಿಗೆಂದು ಬಾಗಿಲು ತೆರೆಯುತ್ತಿದ್ದೇನೆ ಎಂದುಕೊಂಡಿದ್ದಳು. ತೆರೆಯುತ್ತಿದ್ದದ್ದು ತನ್ನೊಡನೆ ಜಗಳವಾಡಲೆಂದು ಅಷ್ಟು ದೂರ ನಡೆದು ಬರುತ್ತಿದ್ದ ಆ ಗಂಟುಮುಖದವನಿಗೆ.

ನಂಜಪ್ಪ ದುಡ್ಡು ಚಾಚಿದ. ಅಣ್ಣಮ್ಮ ಕೈ ಒಡ್ಡಲಿಲ್ಲ.

"ಸ್ವಲ್ಪ ಹೊತ್ತು ಕೂತಿರಿ ನಂಜಪ್ಪೋರೆ," ಎಂದಳು, ದಂಡಿನ ಕಡೆಯ ದಾರಿ ನೋಡುತ್ತ. "ಬೋಣಿ ಆಗ್ಲಿ, ಆಮೇಲೆ ಕೊಡ್ತೀನಿ."