ಎಮ್ಮಿ ಬಾಲ್ಟಿಗೆ ಹೋದ ಕಟ್ಟು

ಶೀಗಿ ಹುಣ್ಣಿಮಿ ಸಮೀಪ ಬಂದಿತ್ತು, ಹೊತ್ತು ಮುಳುಗುವ ವ್ಯಾಳ್ಯಾ. ಸಂತಪುರದ ನಮ್ಮ ಮನಿಗೆ ಆಶಾ ಕಾರ್ಯಕರ್ತೆ ಕುಬರಾ ಬಂದು, ಏಳು ತಿಂಗಳ ಬಸುರಿ ಸೊಸಿ ಶಶಿಕಲಾಳ ಮೈಯಾಗ ರಕ್ತ ಇನ್ನೂ ಕಮ್ಮಿ ಅದ, ಹೆರಿಗೆಯಾಗ ತ್ರಾಸ ಆಗಬಹುದು ಅಂದಳು.

ನನ್ನ ಹೆಂಡತಿ ಗುಂಡಮ್ಮ ನಂಬಲಿಲ್ಲ. ಹೊಲದ ಹೊಸ ಅಲಸಂದಿ ದಿನಾ ಕುದಿಸಿ ತಾಟು ತುಂಬ ಹಾಕುವವಳು ಅವಳೇ. ಸೊಸಿ ಉಣ್ಣದೆ ಚೆಲ್ತಾಳ, ಕುಬರಾ ಕೊಟ್ಟ ರಕ್ತದ ಗುಳಿಗಿನೂ ನುಂಗಂಗಿಲ್ಲ ಅಂತ ಅವಳ ಗುಮಾನಿ. ಶಶಿಕಲಾ ಉಣ್ಣುವಾಗ ಬಾಗಿಲ ಮರೆಯಾಗ ನಿಂತು ನೋಡಿದಳು. ತಿಪ್ಪಿ ತನಕ ಹೋಗಿ ಹುಡುಕಿದಳು. ಸೊಸಿಗೂ ಸಂಶಯ, ಸತ್ವದ್ದೆಲ್ಲ ತೆಗೆದಿಟ್ಟು ತನಗ ಬರೇ ಕಾಳು ಹಾಕ್ತಾರಂತ.

ಮುಂದಿನ ವಾರ ಕುಬರಾ ಬಂದಾಗ ಗುಂಡಮ್ಮ ದೂರು ಹೇಳಿದಳು. ಶಶಿಕಲಾ ಕೊಟ್ಟಿಗಿ ಕಡೆ ಕೈ ತೋರಿಸಿದಳು.

"ಅತ್ತಿ, ನನ್ನ ತಾಟು ದಿನಾ ನೋಡ್ತೀರಿ. ಎಮ್ಮಿ ಬಾಲ್ಟಿ ಒಮ್ಮೆ ನೋಡ್ರಿ."

ಬಾಲ್ಟಿಯಾಗ ಅಲಸಂದಿ ಕುದಿಸಿ ಬಸಿದ ಕಟ್ಟು ಇತ್ತು. ಬಸಿದವಳು ಗುಂಡಮ್ಮನೇ. ಬಸುರಿಗೆ ವಾಯು ಆಗ್ತದಂತ ಎಮ್ಮಿಗೆ ಹಾಕ್ತಿದ್ದಳು. ಲಗೂ ಬೇಯಲಿ ಅಂತ ಚಿಟಿಕಿ ಸೋಡಾ ಬೇರೆ.

"ಅದಕ್ಕೇ ಕಾಕು, ನಿಮ್ಮ ಎಮ್ಮಿ ಮೈ ಮಿಂಚ್ಲಿಕತ್ತದ," ಅಂದಳು ಕುಬರಾ. ರಕ್ತಕ್ಕೆ ಬೇಕಾದ ಸತ್ವದ ಒಂದು ಪಾಲು ಕಟ್ಟಿನಾಗ ಇಳಿದುಹೋಗ್ತದ, ಸೋಡಾ ಉಳಿದದ್ದನ್ನೂ ಕೆಡಿಸ್ತದ ಅಂತ ತಿಳಿಸಿದಳು. ವಾಯುವಿಗೆ ಹೆದರುವವರು ರಾತ್ರಿ ಕಾಳು ನೆನಿ ಹಾಕಿ, ಆ ನೀರು ಮಾತ್ರ ಚೆಲ್ಲಬೇಕು. ಆಮ್ಯಾಲ ಕುಕ್ಕರಿನಾಗ ಬೇಕಾದಷ್ಟೇ ನೀರಿಟ್ಟು ಬೇಯಿಸಿ, ಕಟ್ಟಿನ ಸಮೇತ ಸಾರು ಮಾಡಬೇಕು. ಉಣ್ಣುವಾಗ ನಿಂಬಿ ಹಿಂಡಬೇಕು. ಗುಳಿಗಿ ಬಿಡಬಾರದು.

"ಒಂದು ನೀರು ಚೆಲ್ಲು ಅಂತಿ, ಒಂದು ಕುಡಿಸು ಅಂತಿ. ಎರಡೂ ಅಲಸಂದಿ ನೀರೇ ಅಲ್ಲೇನ?" ಅಂದಳು ಗುಂಡಮ್ಮ.

"ನೆನಿ ನೀರಿನ ಸಂಗಡ ವಾಯು ಹೋಗ್ತದ, ಕಟ್ಟಿನಾಗ ಸತ್ವ ಇರ್ತದ. ನೀವೇ ಮೊದಲು ಕಟ್ಟು ಕುಡಿದು ನೋಡ್ರಿ ಕಾಕು. ಹೊಟ್ಟಿ ಉಬ್ಬಿದರ ನನಗ ಬೈರಿ."

ಗುಂಡಮ್ಮ ಹಾಗೇ ಮಾಡಿದಳು. ತಾನು ಕುಡಿದು, ನನಗೂ ಕುಡಿಸಿ, ಇಬ್ಬರಿಗೂ ಏನೂ ಆಗಲಿಲ್ಲ ಅಂತ ಖಾತ್ರಿಯಾದ ಮ್ಯಾಲೇ ಸೊಸಿಗೆ ಬಡಿಸಿದಳು. ಬಾಗಿಲ ಮರೆಯಾಗ ನಿಲ್ಲೋದು ಬಿಟ್ಟಳು, ಎದುರಿಗೇ ಕೂತು ಉಣಿಸಿದಳು. ಗುಳಿಗಿನೂ ತಾನೇ ಕೊಟ್ಟಳು. ಮುಂದಿನ ತಪಾಸಣೆಯಾಗ ರಕ್ತ ಏರಿತ್ತು. ರಕ್ತ ನೋಡುವ ಮಷಿನ್ ಸರಿ ಅದ ಇಲ್ಲೋ ಅಂತ ಮತ್ತೊಮ್ಮೆ ಕೇಳಿಯೇ ಗುಂಡಮ್ಮ ನಂಬಿದಳು.

ಅವ್ವಂದಿರೆ, ಅಣ್ಣಂದಿರೆ, ನಿಮ್ಮ ಮನ್ಯಾಗ ಕಾಳು ಕುದಿಸಿದ ಕಟ್ಟು ಎಲ್ಲಿಗೆ ಹೋಗ್ತದ, ಇವತ್ತು ಸಂಜಿಗೆ ನೋಡ್ರಿ. ಅದು ಬಸುರಿ ಬಾಣಂತಿಯರ ತಾಟಿಗೆ ಬರಲಿ. ಸೋಡಾ ಬಿಡ್ರಿ.

ಶಶಿಕಲಾ ಹೆರಿಗೆಗೆ ಭಾಲ್ಕಿಯ ತವರಿಗೆ ಹೊರಟದ್ದು ಸೋಮವಾರ. ಬೀಗತಿ ಕಟ್ಟು ಚೆಲ್ತಾಳೇನೋ ಅಂತ ಗುಂಡಮ್ಮನೂ ಅದೇ ಬಸ್ಸಿಗೆ ಹೋದಳು.